ಮಿರರ್ ಡಿಂಗಿ

ಮಿರರ್ ಡಿಂಗಿ ಎಂಬುದು ಮನೆಯಲ್ಲಿಯೇ ಕಟ್ಟಿಕೊಳ್ಳಲು ಅನುಕೂಲವಾಗುವಂತೆ ಬ್ರಿಟನ್ನಿನಲ್ಲಿ ರೂಪಿಸಲಾದ ಒಂದು ಚಿಕ್ಕ ಮರದ ಹಾಯಿದೋಣಿ. ದೋಣಿ ವಿನ್ಯಾಸಕ ಜ್ಯಾಕ್ ಹೋಲ್ಟ್ ಮತ್ತು ದೂರದರ್ಶನ ನಿರೂಪಕ ಬ್ಯಾರಿ ಬಕ್ನೆಲ್ ಇದನ್ನು ಜೊತೆಯಾಗಿ ರೂಪಿಸಿದರು. ಲಂಡನ್ನಿನ 'ಡೈಲಿ ಮಿರರ್' ಪತ್ರಿಕೆಯ ಪ್ರಾಯೋಜಕತ್ವದಲ್ಲಿ 1963ರಲ್ಲಿ ಇದು ಸಾರ್ವಜನಿಕರಿಗೆ ಪರಿಚಯವಾಯಿತು. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದುಗಳನ್ನು ಗಾಜಿನ ನಾರಿನ ಪಟ್ಟಿ ಮತ್ತು ರಾಳದಿಂದ ಬೆಸೆಯುವ 'ಹೊಲಿದು ಅಂಟಿಸುವ ವಿಧಾನ'ವನ್ನು ಜನಸಾಮಾನ್ಯರಿಗೆ ತಲುಪಿಸಿದ ದೋಣಿ ಎಂಬ ಕಾರಣಕ್ಕೆ ಇದು ದೋಣಿ ನಿರ್ಮಾಣದ ಇತಿಹಾಸದಲ್ಲಿ ಸ್ಥಾನ ಪಡೆದಿದೆ. ಇದುವರೆಗೆ 70,000ಕ್ಕೂ ಹೆಚ್ಚು ಮಿರರ್ ದೋಣಿಗಳು ನಿರ್ಮಾಣಗೊಂಡಿವೆ. ಕೆಂಪು ಬಣ್ಣದ ಹಾಯಿ ಮತ್ತು ಮೊಂಡಾದ ಮುಂಭಾಗ ಇದರ ಗುರುತುಗಳು.

ಹೆಸರು

'ಡಿಂಗಿ' ಎಂಬ ಪದ ಇಂಗ್ಲಿಷಿಗೆ ಹೋದದ್ದು ಭಾರತದಿಂದ. ಬಂಗಾಳಿ ಮತ್ತು ಹಿಂದಿ ಭಾಷೆಗಳಲ್ಲಿ ಚಿಕ್ಕ ದೋಣಿಗೆ ಡಿಂಗಿ ಎನ್ನುತ್ತಾರೆ. ವಸಾಹತು ಕಾಲದಲ್ಲಿ ಈ ಪದ ಇಂಗ್ಲಿಷ್ ನಾವಿಕರ ಬಳಕೆಗೆ ಬಂದು, ಮೊದಲು ದೊಡ್ಡ ಹಡಗಿನ ಜೊತೆಗಿರುವ ಸಣ್ಣ ದೋಣಿಯನ್ನೂ, ಅನಂತರ ಒಬ್ಬಿಬ್ಬರು ನಡೆಸಬಲ್ಲ ತೆರೆದ ಹಾಯಿದೋಣಿಯನ್ನೂ ಸೂಚಿಸತೊಡಗಿತು. 'ಮಿರರ್' ಎಂಬುದು ಪ್ರಾಯೋಜಕ ಪತ್ರಿಕೆಯ ಹೆಸರು. ಪತ್ರಿಕೆಯ ಶೀರ್ಷಿಕೆಯ ಕೆಂಪು ಬಣ್ಣವನ್ನೇ ಹಾಯಿಗೂ ಆರಿಸಿಕೊಳ್ಳಲಾಯಿತು.

ಹಿನ್ನೆಲೆ

ಎರಡನೆಯ ಮಹಾಯುದ್ಧಕ್ಕೆ ಮೊದಲು ಹಾಯಿದೋಣಿ ವಿಹಾರವು ಬ್ರಿಟನ್ನಿನಲ್ಲಿ ಬಹುಮಟ್ಟಿಗೆ ಹಣವಂತರ ಹವ್ಯಾಸವಾಗಿತ್ತು. ಸಾಂಪ್ರದಾಯಿಕ ಮರದ ದೋಣಿಯನ್ನು ಕಟ್ಟಲು ಮೊದಲು ಬೆನ್ನುಮರವನ್ನು ಇರಿಸಿ, ಅದಕ್ಕೆ ಪಕ್ಕೆಲುಬುಗಳನ್ನು ಜೋಡಿಸಿ, ಪ್ರತಿಯೊಂದು ಹಲಗೆಯನ್ನೂ ಆವಿಯಲ್ಲಿ ಮೆದುಗೊಳಿಸಿ ಬಾಗಿಸಿ ಕೂರಿಸಬೇಕಿತ್ತು. ಇದು ವರ್ಷಗಟ್ಟಲೆ ಕಲಿತ ಕುಶಲಕರ್ಮಿಗಳ ಕೆಲಸ. ಆದ್ದರಿಂದ ಬೆಲೆಯೂ ಹೆಚ್ಚು.

ಯುದ್ಧಕಾಲದಲ್ಲಿ ವಿಮಾನ ನಿರ್ಮಾಣಕ್ಕಾಗಿ ಪ್ಲೈವುಡ್ ಮತ್ತು ನೀರಿಗೆ ಜಗ್ಗದ ಕೃತಕ ಅಂಟುಗಳ ತಂತ್ರಜ್ಞಾನ ವೇಗವಾಗಿ ಬೆಳೆಯಿತು. ಡಿ ಹ್ಯಾವಿಲೆಂಡ್ ಸಂಸ್ಥೆಯ 'ಮಸ್ಕೀಟೊ' ಯುದ್ಧವಿಮಾನದ ಒಡಲು ಮುಖ್ಯವಾಗಿ ಮರದ ಪದರಗಳಿಂದಲೇ ಆಗಿತ್ತು. ಯುದ್ಧ ಮುಗಿದ ಮೇಲೆ ಇದೇ ಜ್ಞಾನ ದೋಣಿಗಳತ್ತ ತಿರುಗಿತು. ಜ್ಯಾಕ್ ಹೋಲ್ಟ್ ಈ ಕಾಲದ ಪ್ರಮುಖ ವಿನ್ಯಾಸಕ. ಮಕ್ಕಳಿಗಾಗಿ ಅವರು 1947ರಲ್ಲಿ ರೂಪಿಸಿದ 'ಕೆಡೆಟ್', 1949ರ 'ಜಿಪಿ 14', 1956ರ 'ಎಂಟರ್‌ಪ್ರೈಸ್' ಇವೆಲ್ಲವೂ ಪ್ಲೈವುಡ್ಡಿನಿಂದ ಹವ್ಯಾಸಿಗಳು ಕಟ್ಟಿಕೊಳ್ಳಬಹುದಾದ ದೋಣಿಗಳು. ಎಂಟರ್‌ಪ್ರೈಸ್ ದೋಣಿಗೆ 'ನ್ಯೂಸ್ ಕ್ರಾನಿಕಲ್' ಪತ್ರಿಕೆಯ ಪ್ರಾಯೋಜಕತ್ವವಿತ್ತು. ಪತ್ರಿಕೆಯೊಂದು ಓದುಗರಿಗೆ ದೋಣಿಯನ್ನು ಪರಿಚಯಿಸುವ ಪರಿಪಾಠಕ್ಕೆ ಹೀಗೆ ಮೊದಲೇ ನಾಂದಿಯಾಗಿತ್ತು. ಆದರೆ ಈ ದೋಣಿಗಳಿಗೂ ಒಳಗೆ ಮರದ ಚೌಕಟ್ಟು ಬೇಕಿತ್ತು, ಮೂಲೆಗಳಲ್ಲಿ ಓರೆಯಾಗಿ ಕೆತ್ತಿದ ಉದ್ದನೆಯ ರೀಪುಗಳನ್ನು ಕೂರಿಸಬೇಕಿತ್ತು. ಬಡಗಿತನದ ಪರಿಚಯವೇ ಇಲ್ಲದವರಿಗೆ ಇದು ಸುಲಭವಲ್ಲ.

ಈ ತೊಡಕಿಗೆ ಪರಿಹಾರ ಬಂದದ್ದು ಕೆನ್ ಲಿಟಲ್‌ಡೈಕ್ ಎಂಬ ಬ್ರಿಟಿಷ್ ಶಾಲಾ ಶಿಕ್ಷಕರಿಂದ. ಚಿಕ್ಕ ಕಯಾಕ್‌ಗಳನ್ನು ಕಟ್ಟುವಾಗ ಅವರು ಚೌಕಟ್ಟನ್ನು ಬಿಟ್ಟು, ಪ್ಲೈವುಡ್ ಹಲಗೆಗಳ ಅಂಚುಗಳನ್ನು ತಂತಿಯಿಂದ ಹೊಲಿದು, ಸಂದಿಗೆ ಗಾಜಿನ ನಾರಿನ ಪಟ್ಟಿಯನ್ನು ರಾಳದಲ್ಲಿ ಅಂಟಿಸುವ ಕ್ರಮವನ್ನು ಬಳಸಿದರು. ಬ್ಯಾರಿ ಬಕ್ನೆಲ್ ಬಿಬಿಸಿಯಲ್ಲಿ ಮನೆಗೆಲಸಗಳನ್ನು ಸ್ವತಃ ಮಾಡಿಕೊಳ್ಳುವುದನ್ನು ಕಲಿಸುವ ಕಾರ್ಯಕ್ರಮಗಳಿಂದ ಮನೆಮಾತಾಗಿದ್ದವರು. ಅವರು ಈ ಕ್ರಮವನ್ನು ಹಾಯಿದೋಣಿಗೆ ಅಳವಡಿಸಿದರು. ಅದನ್ನು ಒಳ್ಳೆಯ ಹಾಯಿದೋಣಿಯಾಗಿ ತಿದ್ದಿದವರು ಹೋಲ್ಟ್. 1963ರ ಜನವರಿಯಲ್ಲಿ ಲಂಡನ್ನಿನ ದೋಣಿ ಪ್ರದರ್ಶನದಲ್ಲಿ ಮಿರರ್ ಬೆಳಕಿಗೆ ಬಂದಿತು. ಎಲ್ಲ ಸಾಮಗ್ರಿಗಳೂ ಇದ್ದ ಪೆಟ್ಟಿಗೆಯ ಅಂದಿನ ಬೆಲೆ 63 ಪೌಂಡ್ 11 ಶಿಲಿಂಗ್. ಅದು ಅಂದಿನ ಸಾಧಾರಣ ಕಾರ್ಮಿಕನೊಬ್ಬನ ಸುಮಾರು ಒಂದು ತಿಂಗಳ ದುಡಿಮೆಗೆ ಸಮ.

ವಿನ್ಯಾಸ

ಮಿರರ್ ದೋಣಿಯ ಮುಖ್ಯ ಅಳತೆಗಳು ಹೀಗಿವೆ:

- ಉದ್ದ: 3.30 ಮೀಟರ್ (10 ಅಡಿ 10 ಅಂಗುಲ)
- ಅಗಲ: 1.39 ಮೀಟರ್ (4 ಅಡಿ 7 ಅಂಗುಲ)
- ಒಡಲಿನ ತೂಕ: 45.5 ಕಿಲೋಗ್ರಾಂ
- ಮುಖ್ಯ ಹಾಯಿ ಮತ್ತು ಮುಂಗಡೆಯ ಹಾಯಿಗಳ ಒಟ್ಟು ವಿಸ್ತೀರ್ಣ: ಸುಮಾರು 6.5 ಚದರ ಮೀಟರ್
- ನಡೆಸುವವರು: ಸಾಮಾನ್ಯವಾಗಿ ಇಬ್ಬರು

ದೋಣಿಯ ಮುಂಭಾಗವು ಚೂಪಾಗಿರದೆ ಅಡ್ಡಹಲಗೆಯೊಂದರಿಂದ ಮೊಟಕಾಗಿ ಮುಗಿಯುತ್ತದೆ. ಇದರಿಂದ ಎರಡು ಪ್ರಯೋಜನಗಳಿವೆ. ಮೊದಲನೆಯದು, ಅದೇ ಉದ್ದದ ಚೂಪುಮೂತಿಯ ದೋಣಿಗಿಂತ ಇದರಲ್ಲಿ ಕುಳಿತುಕೊಳ್ಳಲು ಹೆಚ್ಚು ಜಾಗವಿರುತ್ತದೆ. ಎರಡನೆಯದು, ಹಲಗೆಗಳನ್ನು ಮುಂದಿನ ತುದಿಯಲ್ಲಿ ತೀವ್ರವಾಗಿ ತಿರುಚಿ ಒಂದೇ ಗೆರೆಗೆ ತರುವ ಕಷ್ಟ ತಪ್ಪುತ್ತದೆ. ಇಡೀ ದೋಣಿಯನ್ನು ಕಾರಿನ ಮೇಲೆ ಕಟ್ಟಿ ಸಾಗಿಸಬಹುದಾದಷ್ಟು ಹಗುರವಾಗಿರಬೇಕು ಎಂಬುದೂ ವಿನ್ಯಾಸದ ಉದ್ದೇಶವಾಗಿತ್ತು.

ದೋಣಿಯ ಮುಂಭಾಗ, ಹಿಂಭಾಗ ಮತ್ತು ಎರಡು ಪಕ್ಕಗಳಲ್ಲಿ ಒಂದೊಂದರಂತೆ ನಾಲ್ಕು ಮುಚ್ಚಿದ ಗಾಳಿಗೂಡುಗಳಿವೆ. ದೋಣಿ ಮಗುಚಿ ನೀರು ತುಂಬಿದರೂ ಇವು ಅದನ್ನು ತೇಲಿಸುತ್ತವೆ. ಗೂಡುಗಳು ಬೇರೆಬೇರೆಯಾಗಿರುವುದರಿಂದ ಒಂದು ಸೋರಿದರೂ ಉಳಿದವು ಕೆಲಸ ಮಾಡುತ್ತವೆ. ಇದೇ ಗೂಡುಗಳ ಗೋಡೆಗಳು ಒಡಲಿಗೆ ಒಳಗಿನಿಂದ ಬಿಗುವನ್ನು ಕೊಡುತ್ತವೆ, ಮೇಲ್ಮುಚ್ಚಳಗಳು ಆಸನಗಳಾಗುತ್ತವೆ. ಒಂದೇ ಹಲಗೆಯಿಂದ ತೇಲುವಿಕೆ, ಬಲ, ಆಸನ ಎಂಬ ಮೂರು ಕೆಲಸಗಳನ್ನು ಸಾಧಿಸಿದ್ದು ಈ ವಿನ್ಯಾಸದ ವೈಶಿಷ್ಟ್ಯ. ಪ್ರತ್ಯೇಕ ಚೌಕಟ್ಟಿನ ಅಗತ್ಯ ಬೀಳದಿರಲು ಇದೂ ಒಂದು ಕಾರಣ.

ಹೊಲಿದು ಅಂಟಿಸುವ ವಿಧಾನದ ತತ್ತ್ವ

ಕಾಗದದ ಹಾಳೆಯನ್ನು ಕೊಳವೆಯಂತೆ ಸುತ್ತಬಹುದು, ಶಂಕುವಿನಂತೆ ಮಡಚಬಹುದು. ಆದರೆ ಸುಕ್ಕುಗಟ್ಟದಂತೆ ಚೆಂಡಿನ ಮೇಲೆ ಹೊದಿಸಲು ಬಾರದು. ಪ್ಲೈವುಡ್ ಹಲಗೆಯ ಗುಣವೂ ಹೀಗೆಯೇ. ಅದು ಒಂದು ಬಾರಿಗೆ ಒಂದು ದಿಕ್ಕಿನಲ್ಲಿ ಮಾತ್ರ ಸಲೀಸಾಗಿ ಬಾಗುತ್ತದೆ. ಆದ್ದರಿಂದ ಪ್ಲೈವುಡ್ ದೋಣಿಯ ಪ್ರತಿಯೊಂದು ಹಲಗೆಯನ್ನೂ ಕೊಳವೆಯ ಅಥವಾ ಶಂಕುವಿನ ಒಂದು ತುಂಡಿನಂತೆ ಬಾಗುವ ಹಾಗೆ ವಿನ್ಯಾಸಗೊಳಿಸಬೇಕಾಗುತ್ತದೆ.

ಎರಡು ಹಲಗೆಗಳ ಅಂಚುಗಳನ್ನು ಬಿಲ್ಲಿನಂತೆ ಕತ್ತರಿಸಿ ಆ ಅಂಚುಗಳನ್ನು ಒಂದಕ್ಕೊಂದು ತಾಗಿಸಿ ಹೊಲಿದರೆ, ಹಲಗೆಗಳು ಬಾಗದೆ ವಿಧಿಯಿಲ್ಲ. ದೋಣಿಯ ಆಕಾರವು ಹೀಗೆ ಅಂಚುಗಳ ಗೆರೆಯಲ್ಲಿಯೇ ಅಡಗಿರುತ್ತದೆ. ದರ್ಜಿಯು ಚಪ್ಪಟೆಯಾದ ಬಟ್ಟೆಯ ತುಂಡುಗಳನ್ನು ಹೊಲಿದು ಮೈಗೆ ಹೊಂದುವ ಅಂಗಿಯನ್ನು ಮಾಡುವುದಕ್ಕೂ ಇದಕ್ಕೂ ಹೋಲಿಕೆಯಿದೆ. ಹಲಗೆಗಳನ್ನು ಕಾರ್ಖಾನೆಯಲ್ಲಿ ನಿಖರವಾಗಿ ಕತ್ತರಿಸಿ ಕೊಟ್ಟರೆ, ಆಕಾರವನ್ನು ಸಾಧಿಸುವ ಕಠಿಣ ಕೆಲಸ ಕಟ್ಟುವವನ ಪಾಲಿಗೆ ಬರುವುದಿಲ್ಲ. ಮಿರರ್ ಪೆಟ್ಟಿಗೆಯ ಯಶಸ್ಸಿಗೆ ಇದೇ ಮೂಲ.

ಹೊಲಿಗೆಯ ತಂತಿ ಕೇವಲ ತಾತ್ಕಾಲಿಕ. ರಾಳ ಗಟ್ಟಿಯಾಗುವವರೆಗೆ ಹಲಗೆಗಳನ್ನು ಹಿಡಿದಿಡುವುದಷ್ಟೇ ಅದರ ಕೆಲಸ. ಅನಂತರ ಭಾರವನ್ನು ಹೊರುವುದು ಒಳಗೂ ಹೊರಗೂ ಅಂಟಿಸಿದ ಗಾಜಿನ ನಾರಿನ ಪಟ್ಟಿ.

ಸಾಮಗ್ರಿಗಳು

ಪ್ಲೈವುಡ್: ದೋಣಿಗೆ ಮೆರೈನ್ ದರ್ಜೆಯ ಪ್ಲೈವುಡ್ ಬೇಕು. ಇದರಲ್ಲಿ ಪದರಗಳ ನಡುವಿನ ಅಂಟು ಕುದಿಯುವ ನೀರನ್ನೂ ತಾಳಿಕೊಳ್ಳುತ್ತದೆ, ಒಳಪದರಗಳಲ್ಲಿ ಟೊಳ್ಳುಗಳಿರುವುದಿಲ್ಲ. ಮಿರರ್ ದೋಣಿಗೆ ಆಫ್ರಿಕದ ಗ್ಯಾಬೂನ್ ಮರದ ಹಗುರವಾದ ಪ್ಲೈವುಡ್ಡನ್ನು ಬಳಸಲಾಯಿತು. ಬ್ರಿಟನ್ನಿನಲ್ಲಿ ಮೆರೈನ್ ಪ್ಲೈವುಡ್ಡಿಗೆ ಬಿಎಸ್ 1088 ಎಂಬ ಮಾನಕವಿದ್ದರೆ, ಭಾರತದಲ್ಲಿ ಐಎಸ್ 710 ಎಂಬ ಮಾನಕವಿದೆ. ಒಳಪದರದಲ್ಲಿ ಟೊಳ್ಳಿದ್ದರೆ ಹಲಗೆ ಬಾಗಿಸುವಾಗ ಅಲ್ಲಿಯೇ ಮುರಿಯುತ್ತದೆ. ಮುರಿಯದಿದ್ದರೆ ಆ ಟೊಳ್ಳಿನಲ್ಲಿ ನೀರು ನಿಂತು ಕೊಳೆಯುತ್ತದೆ. ಈ ಗಾತ್ರದ ದೋಣಿಗಳಿಗೆ ಸಾಮಾನ್ಯವಾಗಿ 4ರಿಂದ 6 ಮಿಲಿಮೀಟರ್ ದಪ್ಪದ ಹಲಗೆ ಸಾಕಾಗುತ್ತದೆ.

ರಾಳ: ಆರಂಭದ ಪೆಟ್ಟಿಗೆಗಳಲ್ಲಿ ಪಾಲಿಯೆಸ್ಟರ್ ರಾಳವಿರುತ್ತಿತ್ತು. ಅದು ಅಗ್ಗ, ಬೇಗ ಗಟ್ಟಿಯಾಗುತ್ತದೆ, ಆದರೆ ಮರವನ್ನು ಎಪಾಕ್ಸಿಯಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಇಂದು ಈ ವಿಧಾನದಲ್ಲಿ ದೋಣಿ ಕಟ್ಟುವವರು ಹೆಚ್ಚಾಗಿ ಎಪಾಕ್ಸಿ ರಾಳವನ್ನೇ ಬಳಸುತ್ತಾರೆ.

ಇತರ ಸಾಮಗ್ರಿಗಳು: ತಾಮ್ರದ ತಂತಿ, ಗಾಜಿನ ನಾರಿನ ಪಟ್ಟಿ, ಅಂಚುಗಳಿಗೆ ಗಂಟಿಲ್ಲದ ಮರದ ರೀಪುಗಳು, ತುಕ್ಕು ಹಿಡಿಯದ ತಿರುಪುಗಳು, ಬಣ್ಣ ಹಾಗೂ ವಾರ್ನಿಷ್. ಉಪಕರಣಗಳಲ್ಲಿ ಗರಗಸ, ಸಣ್ಣ ಬೈರಿಗೆ, ಇಕ್ಕಳ, ಉಜ್ಜುಗೊರಡು, ಅರ, ತಿರುಪುಳಿ, ಉಪ್ಪುಕಾಗದ ಮತ್ತು ಹಲವು ಕ್ಲಾಂಪ್‌ಗಳು ಸಾಕು. ದೊಡ್ಡ ಯಂತ್ರಗಳ ಅಗತ್ಯವಿಲ್ಲ.

ಕಟ್ಟುವ ಹಂತಗಳು

ಸ್ಥಳ: ದೋಣಿಯ ಸುತ್ತ ಓಡಾಡಲು ಜಾಗವಿರುವ, ಮಳೆ ಬೀಳದ, ಗಾಳಿಯಾಡುವ ಸ್ಥಳ ಬೇಕು. ಸಿದ್ಧವಾದ ದೋಣಿ ಹೊರಗೆ ಹೋಗುವ ದಾರಿಯನ್ನು ಮೊದಲೇ ಅಳೆಯಬೇಕು. ಮಿರರ್ ದೋಣಿಯ ಅಗಲ 1.39 ಮೀಟರ್. ಮನೆಯ ಸಾಮಾನ್ಯ ಬಾಗಿಲು ಒಂದು ಮೀಟರಿಗಿಂತ ಕಿರಿದು. ದೋಣಿಯನ್ನು ಪಕ್ಕಕ್ಕೆ ಹೊರಳಿಸಿ ಹೊರತರಲು ಆಗುವುದೇ ಎಂಬುದನ್ನು ಹಲಗೆಗಳನ್ನು ಹೊಲಿಯುವ ಮೊದಲು ನೋಡಿಕೊಳ್ಳಬೇಕು.

ಹಲಗೆಗಳ ಜೋಡಣೆ: ಪ್ಲೈವುಡ್ ಸಾಮಾನ್ಯವಾಗಿ 8 ಅಡಿ ಉದ್ದದ ಹಾಳೆಗಳಾಗಿ ದೊರೆಯುತ್ತದೆ. ದೋಣಿಯ ಉದ್ದ ಅದಕ್ಕಿಂತ ಹೆಚ್ಚು. ಆದ್ದರಿಂದ ತಳದ ಮತ್ತು ಪಕ್ಕದ ಹಲಗೆಗಳನ್ನು ಎರಡೆರಡು ತುಂಡುಗಳಾಗಿ ಕತ್ತರಿಸಿ, ಸಂದಿನ ಹಿಂದೆ ಪ್ಲೈವುಡ್ ಪಟ್ಟಿಯೊಂದನ್ನು ಅಂಟಿಸಿ ಒಂದಾಗಿಸಬೇಕು. ಎಡ ಮತ್ತು ಬಲದ ಹಲಗೆಗಳು ಒಂದನ್ನೊಂದು ಹೋಲಬೇಕು. ಎರಡನ್ನೂ ಒಂದರ ಮೇಲೊಂದಿಟ್ಟು ಅಂಚುಗಳನ್ನು ಸರಿಹೋಲಿಸುವುದು ಒಳ್ಳೆಯ ಕ್ರಮ.

ಹೊಲಿಗೆ: ಅಂಚಿನಿಂದ ಸ್ವಲ್ಪ ಒಳಗೆ, ಎದುರುಬದುರಾಗಿ ಸಣ್ಣ ರಂಧ್ರಗಳನ್ನು ಕೊರೆಯಬೇಕು. ಮೊದಲು ತಳದ ಎರಡು ಹಲಗೆಗಳನ್ನು ನಡುಗೆರೆಯಲ್ಲಿ ಹೊಲಿದು ಪುಸ್ತಕದಂತೆ ತೆರೆಯಬೇಕು. ಅನಂತರ ಪಕ್ಕದ ಹಲಗೆಗಳನ್ನೂ, ಮುಂದಿನ ಮತ್ತು ಹಿಂದಿನ ಅಡ್ಡಹಲಗೆಗಳನ್ನೂ ಜೋಡಿಸಬೇಕು. ತಂತಿಯ ತುದಿಗಳನ್ನು ಹೊರಗಡೆ ತಿರುಚಬೇಕು. ಮೊದಲ ಸುತ್ತಿನಲ್ಲಿಯೇ ಬಿಗಿಯಾಗಿ ತಿರುಚಬಾರದು. ಎಲ್ಲ ಹೊಲಿಗೆಗಳೂ ಸಡಿಲವಾಗಿ ಕೂತ ಮೇಲೆ ಸ್ವಲ್ಪಸ್ವಲ್ಪವಾಗಿ ಬಿಗಿಮಾಡಬೇಕು. ಚಪ್ಪಟೆಯಾಗಿದ್ದ ಹಲಗೆಗಳು ಕೆಲವೇ ಗಂಟೆಗಳಲ್ಲಿ ದೋಣಿಯ ರೂಪ ತಾಳುವುದು ಈ ಹಂತದಲ್ಲಿ.

ನೇರವಾಗಿರುವುದರ ಪರೀಕ್ಷೆ: ಇದು ಇಡೀ ನಿರ್ಮಾಣದ ಅತಿ ಮುಖ್ಯ ಹಂತ. ಹೊಲಿದ ಒಡಲು ಇನ್ನೂ ಮೆತುವಾಗಿರುತ್ತದೆ, ನೆಲದ ಏರುತಗ್ಗಿಗೆ ತಕ್ಕಂತೆ ತಿರುಚಿಕೊಳ್ಳುತ್ತದೆ. ಮುಂಭಾಗದ ನಡುಬಿಂದುವಿನಿಂದ ಹಿಂಭಾಗದ ಎರಡು ಮೂಲೆಗಳಿಗೆ ದಾರ ಹಿಡಿದು ಅಳೆದಾಗ ಎರಡೂ ಉದ್ದಗಳು ಸಮನಾಗಿರಬೇಕು. ದೋಣಿಯ ಮೇಲೆ ಮುಂದೊಂದು ಹಿಂದೊಂದು ನೇರವಾದ ಪಟ್ಟಿಗಳನ್ನು ಅಡ್ಡವಾಗಿರಿಸಿ, ಹಿಂದಿನಿಂದ ಒಂದೇ ಕಣ್ಣಿನಲ್ಲಿ ನೋಡಿದಾಗ ಅವು ಸಮಾಂತರವಾಗಿ ಕಾಣಬೇಕು. ರಾಳ ಹಚ್ಚುವ ಮೊದಲು ಬೆಣೆಯೊಂದನ್ನು ಸರಿಸಿ ಸರಿಪಡಿಸಬಹುದಾದ ತಿರುಚು, ರಾಳ ಗಟ್ಟಿಯಾದ ಮೇಲೆ ಶಾಶ್ವತವಾಗುತ್ತದೆ. ತಿರುಚಿದ ದೋಣಿ ಒಂದೇ ಪಕ್ಕಕ್ಕೆ ಎಳೆಯುತ್ತಿರುತ್ತದೆ.

ಅಂಟಿಸುವಿಕೆ: ಒಳಗಿನ ಸಂದುಗಳಿಗೆ ಮೊದಲು ರಾಳ ಮತ್ತು ಗಾಜಿನ ನಾರಿನ ಪಟ್ಟಿಯನ್ನು ಹಚ್ಚಬೇಕು. ಎಪಾಕ್ಸಿ ಬಳಸುವಾಗ, ನಯವಾದ ಮರದ ಪುಡಿಯನ್ನು ರಾಳದಲ್ಲಿ ಕಲಸಿದ ಗಟ್ಟಿಯಾದ ಲೇಪವನ್ನು ಮೂಲೆಗೆ ತುಂಬಿ, ಅದನ್ನು ಚಮಚದ ಬೆನ್ನಿನಂತೆ ದುಂಡಗೆ ಸವರಿ, ಅದರ ಮೇಲೆ ಪಟ್ಟಿಯನ್ನು ಕೂರಿಸುತ್ತಾರೆ. ಚೂಪಾದ ಮೂಲೆಯಲ್ಲಿ ಪಟ್ಟಿಯ ಹಿಂದೆ ಗಾಳಿ ಉಳಿಯುತ್ತದೆ, ದುಂಡಾದ ಮೂಲೆಯಲ್ಲಿ ಉಳಿಯುವುದಿಲ್ಲ. ರಾಳ ಸಂಪೂರ್ಣ ಗಟ್ಟಿಯಾದ ಮೇಲೆ ದೋಣಿಯನ್ನು ಬೋರಲು ಹಾಕಿ, ಹೊರಗಿನ ತಂತಿಯ ತುದಿಗಳನ್ನು ಕತ್ತರಿಸಿ, ಅರದಿಂದ ಉಜ್ಜಿ, ಅಂಚುಗಳನ್ನು ದುಂಡಾಗಿಸಿ, ಹೊರಗಿನಿಂದಲೂ ಪಟ್ಟಿಯನ್ನು ಅಂಟಿಸಬೇಕು.

ಒಳಗಿನ ಕೆಲಸ: ಅನಂತರ ಗಾಳಿಗೂಡುಗಳ ಗೋಡೆಗಳು, ಅಡಿಹಲಗೆ ಇಳಿಯುವ ಸೀಳುಗೂಡು, ಮೇಲಂಚಿನ ರೀಪುಗಳು ಹಾಗೂ ಆಸನಗಳು ಬರುತ್ತವೆ. ಗೂಡುಗಳನ್ನು ಮುಚ್ಚುವ ಮೊದಲು ಒಳಮೈಗೆ ಕನಿಷ್ಠ ಎರಡು ಬಾರಿ ರಾಳ ಅಥವಾ ವಾರ್ನಿಷ್ ಬಳಿಯಬೇಕು. ಮುಚ್ಚಿದ ಮೇಲೆ ಅಲ್ಲಿಗೆ ಕುಂಚ ತಲುಪುವುದಿಲ್ಲ, ಆದರೆ ತೇವ ತಲುಪುತ್ತದೆ.

ಸೋರಿಕೆಯ ಪರೀಕ್ಷೆ: ಗೂಡಿನ ರಂಧ್ರದಿಂದ ಮೆಲ್ಲಗೆ ಗಾಳಿ ಊದಿ, ಸಂದುಗಳಿಗೆ ಸಾಬೂನಿನ ನೊರೆ ಸವರಿದರೆ, ಸೋರುವ ಕಡೆ ಗುಳ್ಳೆಗಳು ಏಳುತ್ತವೆ. ಜೋರಾಗಿ ಊದಿದರೆ ಸಂದು ಬಿಡುವ ಅಪಾಯವಿರುವುದರಿಂದ ಬಾಯಿಯಿಂದ ಊದುವಷ್ಟು ಒತ್ತಡ ಸಾಕು.

ಆರೋಗ್ಯದ ಎಚ್ಚರಿಕೆಗಳು

ಪಾಲಿಯೆಸ್ಟರ್ ರಾಳದಿಂದ ಏಳುವ ಸ್ಟೈರೀನ್ ಆವಿ ಕಣ್ಣು ಮತ್ತು ಶ್ವಾಸನಾಳಗಳಿಗೆ ಹಾನಿಕರ. ಅದು ಬೆಂಕಿಯನ್ನೂ ಹಿಡಿಯುತ್ತದೆ. ಎಪಾಕ್ಸಿಗೆ ಅಷ್ಟು ವಾಸನೆಯಿಲ್ಲ. ಆದರೆ ಅದು ಚರ್ಮಕ್ಕೆ ಮೇಲಿಂದ ಮೇಲೆ ತಾಗಿದರೆ ಒಗ್ಗದಿಕೆ ಹುಟ್ಟಬಹುದು. ಒಮ್ಮೆ ಹುಟ್ಟಿದ ಈ ಒಗ್ಗದಿಕೆ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ, ಅಂಥವರು ಮತ್ತೆ ಎಪಾಕ್ಸಿಯ ಕೆಲಸ ಮಾಡುವಂತಿಲ್ಲ. ಆದ್ದರಿಂದ ಕೈಗವಸು ಕಡ್ಡಾಯ. ಚರ್ಮಕ್ಕೆ ತಾಗಿದ ರಾಳವನ್ನು ತೆಳುಕಾರಕದಿಂದ ಒರೆಸಬಾರದು, ಸಾಬೂನು ಮತ್ತು ನೀರಿನಿಂದ ತೊಳೆಯಬೇಕು. ಗಟ್ಟಿಯಾದ ರಾಳವನ್ನೂ ಗಾಜಿನ ನಾರನ್ನೂ ಉಜ್ಜುವಾಗ ಏಳುವ ಧೂಳಿನಿಂದ ರಕ್ಷಿಸಿಕೊಳ್ಳಲು ಮುಖಗವಸು ಮತ್ತು ಕನ್ನಡಕ ಬೇಕು.

ರಾಳ ಮತ್ತು ಗಟ್ಟಿಕಾರಕಗಳನ್ನು ತಯಾರಕರು ಹೇಳಿದ ಪ್ರಮಾಣದಲ್ಲಿಯೇ ಕಲಸಬೇಕು. ಎಪಾಕ್ಸಿ ಬೇಗ ಒಣಗಲೆಂದು ಗಟ್ಟಿಕಾರಕವನ್ನು ಹೆಚ್ಚು ಹಾಕಿದರೆ ಅದು ಬೇಗ ಒಣಗುವುದಿಲ್ಲ, ದುರ್ಬಲವಾಗಿ ಉಳಿಯುತ್ತದೆ. ಕಲಸಿದ ಎಪಾಕ್ಸಿ ತನ್ನಷ್ಟಕ್ಕೆ ಬಿಸಿಯಾಗುತ್ತದೆ. ಆಳವಾದ ಪಾತ್ರೆಯಲ್ಲಿ ಹೆಚ್ಚು ಕಲಸಿಟ್ಟರೆ ಹೊಗೆಯಾಡುವಷ್ಟು ಬಿಸಿಯೇರಬಹುದು. ಕರ್ನಾಟಕದ ಕರಾವಳಿಯಂಥ ಸೆಕೆಯ ಪ್ರದೇಶಗಳಲ್ಲಿ ರಾಳ ಬೇಗ ಗಟ್ಟಿಯಾಗುವುದರಿಂದ, ಸ್ವಲ್ಪಸ್ವಲ್ಪವಾಗಿ ಕಲಸಿ ಅಗಲವಾದ ತಟ್ಟೆಯಲ್ಲಿ ಹರವಿಕೊಳ್ಳುವುದು, ನಿಧಾನವಾಗಿ ಗಟ್ಟಿಯಾಗಿಸುವ ಗಟ್ಟಿಕಾರಕವನ್ನು ಆರಿಸುವುದು ಒಳಿತು. ತೇವದ ಗಾಳಿಯಲ್ಲಿ ಗಟ್ಟಿಯಾದ ಎಪಾಕ್ಸಿಯ ಮೇಲೆ ಮೇಣದಂಥ ತೆಳು ಪದರ ಮೂಡುತ್ತದೆ. ಅದನ್ನು ನೀರಿನಿಂದ ತೊಳೆಯದೆ ಮುಂದಿನ ಲೇಪ ಹಚ್ಚಿದರೆ ಲೇಪ ಹಿಡಿಯುವುದಿಲ್ಲ.

ಹಾಯಿ ಮತ್ತು ಚಾಲನೆ

ಮೂಲ ಮಿರರ್ ದೋಣಿಯ ಹಾಯಿವ್ಯವಸ್ಥೆಗೆ 'ಗಂಟರ್' ಎಂದು ಹೆಸರು. ಇದರಲ್ಲಿ ಹಾಯಿಕಂಬ ಗಿಡ್ಡದು. ಹಾಯಿಯ ಮೇಲಂಚನ್ನು ಹೊತ್ತ ಗಳವೊಂದು ಕಂಬದ ಗುಂಟ ಮೇಲೇರಿ, ಕಂಬದ ಮುಂದುವರಿಕೆಯೇ ಎನ್ನುವಂತೆ ನೆಟ್ಟಗೆ ನಿಲ್ಲುತ್ತದೆ. ಹಾಯಿ ಇಳಿಸಿದಾಗ ಕಂಬ, ಗಳಗಳು ಎಲ್ಲವೂ ದೋಣಿಯ ಉದ್ದದೊಳಗೇ ಅಡಗುತ್ತವೆ. ಕಾರಿನ ಮೇಲೆ ಸಾಗಿಸಲು ಇದು ಅನುಕೂಲ. ಸೇತುವೆಗಳ ಕೆಳಗೆ ಹೋಗುವಾಗಲೂ ಇದರ ಪ್ರಯೋಜನವಿದೆ. ನಂತರದ ವರ್ಷಗಳಲ್ಲಿ ಒಂದೇ ಉದ್ದನೆಯ ಕಂಬವಿರುವ ಬರ್ಮುಡಾ ಹಾಯಿಗೂ ವರ್ಗದ ನಿಯಮಗಳು ಅವಕಾಶ ನೀಡಿದವು. ಗಾಳಿ ಹಿಂದಿನಿಂದ ಬೀಸುವಾಗ ಬಳಸುವ ಉಬ್ಬುಹಾಯಿ ಸುಮಾರು 4.4 ಚದರ ಮೀಟರ್ ವಿಸ್ತಾರದ್ದು.

ದೋಣಿಯ ತಳದ ಸೀಳಿನಿಂದ ಕೆಳಗಿಳಿಸುವ ಅಡಿಹಲಗೆಯು ಗಾಳಿಯ ಒತ್ತಡಕ್ಕೆ ದೋಣಿ ಪಕ್ಕಕ್ಕೆ ಜಾರುವುದನ್ನು ತಡೆಯುತ್ತದೆ. ಈ ತಡೆಯಿರುವುದರಿಂದಲೇ ದೋಣಿ ಗಾಳಿಗೆ ಓರೆಯಾಗಿ ಮುಂದೆ ಸಾಗಬಲ್ಲದು. ಯಾವ ಹಾಯಿದೋಣಿಯೂ ಗಾಳಿಗೆ ನೇರ ಎದುರಾಗಿ ಸಾಗಲಾರದು. ಎದುರುಗಾಳಿಯ ದಿಕ್ಕಿನಲ್ಲಿರುವ ಗುರಿಯನ್ನು ಸೇರಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಹೊರಳುತ್ತ ಹೋಗಬೇಕು. ಗಾಳಿ ನಿಂತಾಗ ಮಿರರ್ ದೋಣಿಯನ್ನು ಹುಟ್ಟು ಹಾಕಿಯೂ ನಡೆಸಬಹುದು, ಚಿಕ್ಕ ಮೋಟಾರನ್ನೂ ಹಿಂದಕ್ಕೆ ತೂಗುಹಾಕಬಹುದು.

ಹೊಸದಾಗಿ ಕಟ್ಟಿದ ದೋಣಿಯನ್ನು ಮೊದಲು ಆಳವಿಲ್ಲದ, ನಿಶ್ಚಲವಾದ ನೀರಿನಲ್ಲಿ ಪರೀಕ್ಷಿಸಬೇಕು. ಅಲ್ಲಿಯೇ ಬೇಕೆಂದು ಒಮ್ಮೆ ಮಗುಚಿ, ಗಾಳಿಗೂಡುಗಳು ದೋಣಿಯನ್ನು ಸಮವಾಗಿ ತೇಲಿಸುತ್ತವೆಯೇ ಎಂದು ನೋಡಬೇಕು. ಅಡಿಹಲಗೆಯ ಮೇಲೆ ಭಾರ ಹಾಕಿ ದೋಣಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದನ್ನೂ ಅಭ್ಯಾಸ ಮಾಡಬೇಕು. ಈಜು ಬರುವವರೂ ತೇಲುವ ಅಂಗಿಯನ್ನು ತೊಟ್ಟಿರಬೇಕು. ಮಗುಚಿದ ದೋಣಿಯನ್ನು ಬಿಟ್ಟು ದಡಕ್ಕೆ ಈಜಲು ಹೊರಡುವುದು ಅಪಾಯಕರ. ತೇಲುತ್ತಿರುವ ದೋಣಿಯನ್ನು ಹಿಡಿದುಕೊಂಡಿರುವವರು ಹುಡುಕುವವರ ಕಣ್ಣಿಗೆ ಬೇಗ ಬೀಳುತ್ತಾರೆ.

ಬಾಳಿಕೆ ಮತ್ತು ದುರಸ್ತಿ

1960 ಮತ್ತು 1970ರ ದಶಕಗಳಲ್ಲಿ ಕಟ್ಟಿದ ಅನೇಕ ಮಿರರ್ ದೋಣಿಗಳು ಇಂದಿಗೂ ಬಳಕೆಯಲ್ಲಿವೆ. ಹಳೆಯ ದೋಣಿಗಳಲ್ಲಿ ಎರಡು ದೋಷಗಳು ಸಾಮಾನ್ಯ. ಒಂದು, ಪಾಲಿಯೆಸ್ಟರ್ ರಾಳದ ಪಟ್ಟಿ ಮರದಿಂದ ಬಿಟ್ಟುಬರುವುದು. ಇನ್ನೊಂದು, ಗಾಳಿಗೂಡುಗಳ ಒಳಗೆ ಮಳೆನೀರು ನಿಂತು ಪ್ಲೈವುಡ್ ಕೊಳೆಯುವುದು. ದೋಣಿಗೆ ನೀರಿನಲ್ಲಿರುವಾಗಿನ ಉಪ್ಪುನೀರಿಗಿಂತ ದಡದಲ್ಲಿರುವಾಗ ಒಳಗೆ ನಿಲ್ಲುವ ಮಳೆನೀರೇ ಹೆಚ್ಚು ಹಾನಿಕರ, ಏಕೆಂದರೆ ಮರವನ್ನು ಕೊಳೆಸುವ ಶಿಲೀಂಧ್ರಗಳು ಸಿಹಿನೀರಿನ ತೇವದಲ್ಲಿ ಚೆನ್ನಾಗಿ ಬೆಳೆಯುತ್ತವೆ. ಆದ್ದರಿಂದ ದೋಣಿಯನ್ನು ಬೋರಲು ಹಾಕಿ, ನೆಲದಿಂದ ಎತ್ತರಿಸಿ, ಗೂಡುಗಳ ಬಿರಟೆಗಳನ್ನು ತೆರೆದಿಟ್ಟು ಗಾಳಿಯಾಡುವಂತೆ ಇರಿಸುವುದು ಕ್ರಮ.

ಹೊಲಿದು ಅಂಟಿಸಿದ ದೋಣಿಯ ಒಂದು ಅನುಕೂಲವೆಂದರೆ ಕಟ್ಟಿದವರೇ ಅದನ್ನು ದುರಸ್ತಿ ಮಾಡಬಲ್ಲರು. ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ ತೆಗೆದು, ಅದೇ ದಪ್ಪದ ಹೊಸ ಹಲಗೆಯನ್ನು ಹಿಂಪಟ್ಟಿಯೊಂದಿಗೆ ಅಂಟಿಸಿದರೆ ಸಾಕು. ಕಟ್ಟುವಾಗ ಕಲಿತ ಕೆಲಸವೇ ಇಲ್ಲಿ ಮತ್ತೆ ಬೇಕಾಗುವುದು.

ಪಂದ್ಯಗಳು ಮತ್ತು ಪ್ರಯಾಣಗಳು

ಮಿರರ್ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ದೋಣಿ ವರ್ಗ. ಬ್ರಿಟನ್, ಐರ್ಲೆಂಡ್, ನೆದರ್‌ಲ್ಯಾಂಡ್ಸ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಮೊದಲಾದ ದೇಶಗಳಲ್ಲಿ ಇದರ ಪಂದ್ಯಗಳು ನಡೆದಿವೆ. ಮನೆಯಲ್ಲಿ ಕಟ್ಟಿದ ದೋಣಿಯೂ ಅಳತೆಯ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಪಂದ್ಯದಲ್ಲಿ ಭಾಗವಹಿಸಬಹುದು. ಇತ್ತೀಚಿನ ದಶಕಗಳಲ್ಲಿ ಫೈಬರ್‌ಗ್ಲಾಸ್ ಒಡಲಿನ ಮಿರರ್ ದೋಣಿಗಳೂ ಬಂದಿವೆ.

ಈ ದೋಣಿಯ ಅತ್ಯಂತ ಪ್ರಸಿದ್ಧ ಪ್ರಯಾಣ ಎ. ಜೆ. ಮ್ಯಾಕಿನನ್ ಅವರದು. ಶಿಕ್ಷಕರಾಗಿದ್ದ ಅವರು 1990ರ ದಶಕದ ಕೊನೆಯಲ್ಲಿ 'ಜ್ಯಾಕ್ ಡಿ ಕ್ರೋ' ಎಂಬ ಮಿರರ್ ದೋಣಿಯಲ್ಲಿ ಇಂಗ್ಲೆಂಡಿನಿಂದ ಹೊರಟು, ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿ, ಯೂರೋಪಿನ ನದಿಗಳು ಮತ್ತು ಕಾಲುವೆಗಳ ಮೂಲಕ ಕಪ್ಪು ಸಮುದ್ರವನ್ನು ತಲುಪಿದರು. ಈ ಅನುಭವವನ್ನು ಅವರು 2002ರಲ್ಲಿ ಪ್ರಕಟವಾದ 'ದಿ ಅನ್‌ಲೈಕ್ಲಿ ವಾಯೇಜ್ ಆಫ್ ಜ್ಯಾಕ್ ಡಿ ಕ್ರೋ' ಎಂಬ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಹೀಗಿದ್ದರೂ ಮಿರರ್ ದೋಣಿಯನ್ನು ರೂಪಿಸಿದ್ದು ಕೆರೆ, ನದಿ ಮತ್ತು ದಡದ ಸಮೀಪದ ನೀರಿಗಾಗಿ, ತೆರೆದ ಕಡಲಿಗಾಗಿ ಅಲ್ಲ.

ಹೊಲಿದ ಹಡಗುಗಳ ಪರಂಪರೆ

ಹಲಗೆಗಳನ್ನು ಹೊಲಿದು ನೌಕೆ ಕಟ್ಟುವುದು ಭಾರತಕ್ಕೆ ಹೊಸದಲ್ಲ. ಹಿಂದೂ ಮಹಾಸಾಗರದ ತೀರಗಳಲ್ಲಿ ಕಬ್ಬಿಣದ ಮೊಳೆಗಳ ಬದಲು ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿಯುವ ಪದ್ಧತಿ ಶತಮಾನಗಳ ಕಾಲ ಬಳಕೆಯಲ್ಲಿತ್ತು. ಕೋರಮಂಡಲ ತೀರದ ಮಸೂಲಾ ದೋಣಿಗಳು ಇದಕ್ಕೆ ಹೆಸರಾದ ಉದಾಹರಣೆ. ಹುರಿಯಿಂದ ಹೊಲಿದ ದೋಣಿ ಅಲೆಯ ಹೊಡೆತಕ್ಕೆ ಸ್ವಲ್ಪ ಬಳುಕುವುದರಿಂದ, ಮರಳಿನ ತೀರದಲ್ಲಿ ಅಲೆಗಳ ನಡುವೆ ದಡ ಸೇರಲು ಅದು ಯೋಗ್ಯವಾಗಿತ್ತು.

ಈ ಪದ್ಧತಿಯಲ್ಲಿ ಇತ್ತೀಚೆಗೆ ಕಟ್ಟಲಾದ ನೌಕೆ ಭಾರತೀಯ ನೌಕಾಪಡೆಯ ಐಎನ್‌ಎಸ್‌ವಿ ಕೌಂಡಿನ್ಯ. ಅಜಂತಾ ಗುಹೆಯ ವರ್ಣಚಿತ್ರದಲ್ಲಿರುವ ಹಡಗನ್ನು ಆಧರಿಸಿ ರೂಪಿಸಿದ ಈ ನೌಕೆಯನ್ನು ಗೋವೆಯಲ್ಲಿ ಕೇರಳದ ಕುಶಲಕರ್ಮಿಗಳು ತೆಂಗಿನ ನಾರಿನ ಹುರಿ ಮತ್ತು ಸಹಜ ರಾಳಗಳನ್ನು ಬಳಸಿ ಕಟ್ಟಿದರು. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಇದನ್ನು ನೌಕಾಪಡೆಗೆ ಸೇರಿಸಿಕೊಳ್ಳಲಾಯಿತು.

ಎರಡು ವಿಧಾನಗಳ ನಡುವೆ ಮೂಲಭೂತ ವ್ಯತ್ಯಾಸವಿದೆ. ಸಾಂಪ್ರದಾಯಿಕ ಹೊಲಿದ ಹಡಗಿನಲ್ಲಿ ಹೊಲಿಗೆಯೇ ಹಡಗನ್ನು ಹಿಡಿದಿಡುತ್ತದೆ, ರಾಳ ನೀರು ಒಸರದಂತೆ ತಡೆಯುತ್ತದೆ. ಮಿರರ್ ದೋಣಿಯಲ್ಲಿ ರಾಳ ಮತ್ತು ಗಾಜಿನ ನಾರು ದೋಣಿಯನ್ನು ಹಿಡಿದಿಡುತ್ತವೆ, ಹೊಲಿಗೆ ತನ್ನ ಕೆಲಸ ಮುಗಿಸಿ ಮರೆಯಾಗುತ್ತದೆ. ಹೆಸರಿನಲ್ಲಿ ಸಾಮ್ಯವಿದ್ದರೂ ಒಂದು ಇನ್ನೊಂದರಿಂದ ಬಂದುದಲ್ಲ.

ಪ್ರಭಾವ

ಮಿರರ್ ದೋಣಿಯಿಂದಾಗಿ ಹಾಯಿವಿಹಾರವು ಬ್ರಿಟನ್ನಿನ ಮಧ್ಯಮ ಮತ್ತು ದುಡಿಯುವ ವರ್ಗದ ಕುಟುಂಬಗಳ ಕೈಗೆಟುಕಿತು. ಮನೆಯ ಹಜಾರ, ವಾಹನದ ಕೊಟ್ಟಿಗೆ, ಶಾಲೆಯ ಮರಗೆಲಸದ ಕೋಣೆ ಮುಂತಾದ ಕಡೆಗಳಲ್ಲಿ ಇವು ಕಟ್ಟಲ್ಪಟ್ಟವು. ಕಟ್ಟಿದವರಲ್ಲಿ ಅನೇಕರಿಗೆ ಅದು ಜೀವನದ ಮೊದಲ ಮರಗೆಲಸವೂ ಮೊದಲ ದೋಣಿಯೂ ಆಗಿತ್ತು. ಮೊದಲನೆಯ ಸಂಖ್ಯೆಯ ಮಿರರ್ ದೋಣಿಯನ್ನು ಬ್ರಿಟನ್ನಿನ ಸಾಗರ ವಸ್ತುಸಂಗ್ರಹಾಲಯದಲ್ಲಿ ಕಾಪಾಡಲಾಗಿದೆ.

ಹೊಲಿದು ಅಂಟಿಸುವ ವಿಧಾನ ಮಿರರ್ ದೋಣಿಯೊಂದಿಗೆ ನಿಲ್ಲಲಿಲ್ಲ. ಇಂದು ಮನೆಯಲ್ಲಿ ಕಟ್ಟುವ ಕಯಾಕ್, ಹುಟ್ಟುದೋಣಿ ಹಾಗೂ ಚಿಕ್ಕ ಹಾಯಿದೋಣಿಗಳ ಬಹುಪಾಲು ವಿನ್ಯಾಸಗಳು ಇದೇ ವಿಧಾನವನ್ನು ಅನುಸರಿಸುತ್ತವೆ. ತಾಮ್ರದ ತಂತಿಯ ಬದಲು ಕೆಲವರು ಪ್ಲಾಸ್ಟಿಕ್ ಪಟ್ಟಿಗಳನ್ನು ಬಳಸುತ್ತಾರೆ. ಹಲಗೆಗಳನ್ನು ಗಣಕಯಂತ್ರದ ನೆರವಿನಿಂದ ಕತ್ತರಿಸಲಾಗುತ್ತದೆ. ಆದರೆ ಹಲಗೆಯ ಅಂಚುಗಳನ್ನು ಸೇರಿಸಿ ಹೊಲಿದು, ರಾಳ ಹಚ್ಚುವ ಮೊದಲು ದಾರ ಹಿಡಿದು ನೇರ ನೋಡುವ ಕ್ರಮ 1963ರಲ್ಲಿದ್ದಂತೆಯೇ ಉಳಿದಿದೆ.